ಕೆಲನಿ ಹೊಳೆಯಲ್ಲಿ ನಾನು ಕೂಗಿದ ಎರಡು ಮಾತು

ನನ್ನ ಹೆಸರು ಉಚ್ಚಂಗೆಪ್ಪ, ತಂದೆ ದಿವಂಗತ ಅಂಜಿನಪ್ಪ, ವಯಸ್ಸು 58 ವರ್ಷ, ಉದ್ಯೋಗ ಬೀಜ ಮತ್ತು ಗೊಬ್ಬರದ ವ್ಯಾಪಾರ, ಹುಟ್ಟೂರು ಹಲವಾಗಲು, ಹಾಲಿ ವಾಸ ಹರಪನಹಳ್ಳಿ ಬಸ್ ನಿಲ್ದಾಣದ ಹಿಂಭಾಗ, ದಾವಣಗೆರೆ ಜಿಲ್ಲೆ. ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮಗ ಪಾಲಾಕ್ಷ, 30 ವರ್ಷ, ನಿನ್ನೆ ದಿನಾಂಕ 9-10-2003ರ ಗುರುವಾರ ಸಂಜೆ 5.15ಕ್ಕೆ ಇದೇ ಹರಪನಹಳ್ಳಿ ಪೊಲೀಸ್ ಠಾಣೆಯಲ್ಲಿ, ತನ್ನ ಹೆಂಡತಿ ಮೇಘಾಳ ಸಾವಿಗೆ ತಾನೇ ಕಾರಣ ಎಂದು ಹೇಳಿ ಸಹಿ ಮಾಡಿದ್ದಾನೆ. ಇದನ್ನು ನನಗೆ ತಿಳಿಸಿದವರು ನಮ್ಮ ಅಂಗಡಿಯ ಪಕ್ಕದ ಸೈಕಲ್ ಶಾಪಿನ ಮಂಜಣ್ಣ. ಅವರು ನನ್ನ ಮಗನ ಜೊತೆ ಠಾಣೆಗೆ ಬಂದಿದ್ದರು. ಸಂಜೆ 6 ಗಂಟೆಗೆ ನಮ್ಮ ಮನೆಗೆ ಬಂದು, ಪಾಲಾಕ್ಷ ಒಂದು ಮಾತೂ ಎದುರಾಡ್ಲಿಲ್ಲಣ್ಣ, ಕೇಳಿದ್ದಕ್ಕೆಲ್ಲಾ ಹೌದು ಹೌದು ಅಂದ, ಸಾಹೇಬ್ರೇ ಬರಿಯಾದು ನಿಲ್ಸಿ ನೀರು ಕೊಟ್ರು ಎಂದು ಹೇಳಿದರು.

ಮಗನ ಆ ಹೇಳಿಕೆ ಸರಿಯಲ್ಲ. ಅವನು ಸುಳ್ಳು ಹೇಳಿಲ್ಲ. ಅವನಿಗೆ ಪೂರ್ತಿ ಗೊತ್ತಿಲ್ಲ. ಪೂರ್ತಿ ಗೊತ್ತಿರುವವರು ನಾನು ಮತ್ತು ನನ್ನ ಹೆಂಡತಿ ಗಾದೆಮ್ಮ ಇಬ್ಬರೇ. ಆದ್ದರಿಂದ ಇಂದು ಬೆಳಿಗ್ಗೆ 9.40ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಹೇಳಿಕೆ ಬರೆಸುತ್ತಿದ್ದೇನೆ.

ನನ್ನ ತಂದೆ ಹಲವಾಗಲಿನಲ್ಲಿ ಹರಿಗೋಲು ಹಾಕುತ್ತಿದ್ದರು. ನಾನು 11ನೇ ವಯಸ್ಸಿನಿಂದ 26ನೇ ವಯಸ್ಸಿನ ತನಕ ಅವರ ಜೊತೆ ತುಂಗಭದ್ರೆಯಲ್ಲಿ ಜನರನ್ನು ದಾಟಿಸಿದ್ದೇನೆ. ಹರಿಗೋಲಿನಲ್ಲಿ ಕೂರುವ ಕ್ರಮ ಒಂದೇ. ಜನ, ಮೂಟೆ, ಕುರಿ ಎಲ್ಲವೂ ನಡುವೆ ಇರಬೇಕು. ಅಂಚಿಗೆ ಯಾರೂ ಕೈ ಇಡಬಾರದು. ನೀರು ಜೋರಾದರೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕೂರಬೇಕು. ಒಬ್ಬನು ಅಂಚಿಗೆ ವಾಲಿದರೂ ಬುಟ್ಟಿಯಂಥ ಹರಿಗೋಲು ಮಗುಚಿ ಎಲ್ಲರೂ ಹೋಗುತ್ತಾರೆ. ಯಾರಾದರೂ ನೀರಿಗೆ ಬಿದ್ದರೆ ನಾವು ಕಾಲೂರು, ಅಂದರೆ ತಳಕ್ಕೆ ಕಾಲು ಊರಿ ನಿಲ್ಲು, ಎಂದು ಕೂಗುತ್ತಿದ್ದೆವು. ನಮ್ಮ ಕಡೆ ಹೊಳೆಯ ತಳ ಮರಳು. ದಡದ ಹತ್ತಿರ ಎದೆಮಟ್ಟದ ನೀರಿನಲ್ಲಿಯೂ ಜನ ಗಾಬರಿಯಾಗಿ ಕೈಕಾಲು ಬಡಿದು ಮುಳುಗುತ್ತಾರೆ, ಕಾಲೂರಿದರೆ ಬದುಕುತ್ತಾರೆ. ಹಾಗೆ ಕೂಗಿ ನಾನು ಉಳಿಸಿದವರು ಏಳು ಮಂದಿ. ಆ ಹದಿನೈದು ವರ್ಷದಲ್ಲಿ ನನ್ನ ಹರಿಗೋಲಿನಲ್ಲಿ ಒಂದು ಸಾವೂ ಆಗಿರಲಿಲ್ಲ.

ಮೇಘಾ, 24 ವರ್ಷ, ಬಿ.ಎ. ಓದಿದವಳು. ಕೊಟ್ಟೂರಿನ ನಿವೃತ್ತ ಶಿಕ್ಷಕರಾದ ಗುರುಬಸವರಾಜ ಮತ್ತು ಕೊಟ್ರಮ್ಮ ದಂಪತಿಯ ಒಬ್ಬಳೇ ಮಗಳು. ದಿನಾಂಕ 28-2-2002ರಂದು ನನ್ನ ಮಗನೊಂದಿಗೆ ಅವಳ ಮದುವೆಯಾಯಿತು. ಮದುವೆಯಾದ ಮೇಲೆ ಬಿ.ಎಡ್. ಓದಬೇಕೆಂದು ಅವಳು ಎರಡು ಸಲ ಕೇಳಿದ್ದಳು. ಎರಡು ಸಲವೂ ನಾನು, ಮುಂದಿನ ವರ್ಷ ನೋಡಾಣ ತಗ ಎಂದು ಹೇಳಿದ್ದೆ. ಇದನ್ನು ಬಿಟ್ಟು ನಮ್ಮ ಮನೆಯಲ್ಲಿ ಅವಳ ವಿಷಯಕ್ಕೆ ಜಗಳ ಆಗಿಲ್ಲ. ಇದಕ್ಕೂ ಜಗಳ ಆಗಲಿಲ್ಲ. ಅವಳು ಮೂರನೇ ಸಲ ಕೇಳಲಿಲ್ಲ.

ಈ ವರ್ಷ ಮುಂಗಾರಿನಲ್ಲಿ ಮೆಕ್ಕೆಜೋಳದ ಬೀಜ ಹೆಚ್ಚು ಮಾರಿದ ಡೀಲರುಗಳಿಗೆ ಬೀಜದ ಕಂಪನಿಯವರು ಶ್ರೀಲಂಕಾ ಪ್ರವಾಸ ಏರ್ಪಡಿಸಿದ್ದರು. ಒಬ್ಬ ಡೀಲರಿಗೆ ಇಬ್ಬರಂತೆ. ಮಗ ಸೊಸೆ ಮದುವೆಯಾದ ಮೇಲೆ ಹಂಪಿ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲವಾದ್ದರಿಂದ ಅವರ ಖರ್ಚನ್ನು ನಾನು ಹಾಕಿ ನಾಲ್ವರೂ ಹೊರಟೆವು. ಮೇಘಾ ಪೇಟೆಯಲ್ಲಿ ಬಿಳಿ ಬೂಟು ಕೊಂಡಳು. ಗಾದೆಮ್ಮ ಅದನ್ನು ನೋಡಿ, ಏನವ್ವಾ, ಪಿ.ಟಿ. ಮಾಸ್ತರಿಕಿಗಿ ಹೊಂಟಿಯೇನು ಎಂದು ಚೇಷ್ಟೆ ಮಾಡಿದ್ದಕ್ಕೆ, ಅತ್ತಿ, ನಿಮಗೂ ಒಂದು ಜೊತಿ ತರ್ಲೇನು ಎಂದಳು. ಗಾದೆಮ್ಮ ತನ್ನ ಹವಾಯಿ ಚಪ್ಪಲಿಯಲ್ಲೇ ಬಂದಳು.

ದಿನಾಂಕ 11-9-2003ರ ಗುರುವಾರ ಬೆಳಿಗ್ಗೆ ಕೊಟ್ಟೂರಿಗೆ ಹೋಗಿ ಬೀಗರಿಗೆ ಹೇಳಿ ಬಂದೆವು. ಹೊರಡುವಾಗ ಗುರುಬಸವರಾಜ ಅವರು ಬಾಗಿಲಲ್ಲಿ ನಿಂತು ಮಗಳಿಗೆ, ಪರದೇಶ ಐತಿ, ಮಾವನೋರು ಹೇಳಿದಂಗ ಕೇಳು, ನಿನ್ನ ಶಾಣ್ಯಾತನ ತೋರಸಾಕ ಹೋಗಬ್ಯಾಡ ಎಂದು ಹೇಳಿದರು. ಅವಳು ನಕ್ಕಳು. ಬೀಗರ ಮೇಲೆ ಏನನ್ನಾದರೂ ಹೊರಿಸಲು ನಾನು ಇದನ್ನು ಬರೆಸುತ್ತಿಲ್ಲ. ಅದೇ ಮಾತನ್ನು ನಾನೂ ಎಷ್ಟೋ ಸಲ ಹೇಳಿದ್ದೇನೆ.

12ರಂದು ಚೆನ್ನೈ, 13ರ ಮಧ್ಯಾಹ್ನ ಕೊಲಂಬೊ ತಲುಪಿದೆವು. ತಂಡದಲ್ಲಿ ಒಟ್ಟು 22 ಜನ. ನಮಗೆ ಹೆಚ್ಚು ಬಳಕೆಯಾದವರು ಹಡಗಲಿಯ ಡೀಲರ್ ಹುಲುಗಣ್ಣ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ ಇತ್ತು. ನಾನು ನನ್ನ ಗಡಿಯಾರವನ್ನು ತಿರುಗಿಸಲಿಲ್ಲ. ಆದ್ದರಿಂದ ಈ ಹೇಳಿಕೆಯಲ್ಲಿರುವ ಸಮಯಗಳೆಲ್ಲ ನಮ್ಮ ದೇಶದ ಸಮಯ.

ದಿನಾಂಕ 14-9-2003ರ ಭಾನುವಾರ ಬೆಳಿಗ್ಗೆ 6.30ಕ್ಕೆ ಬಸ್ಸಿನಲ್ಲಿ ಹೊರಟು 9.20ಕ್ಕೆ ಕಿತುಲ್ಗಲ ಎಂಬ ಊರು ಮುಟ್ಟಿದೆವು. ಕೊಲಂಬೊದಿಂದ ಸುಮಾರು 90 ಕಿಲೋಮೀಟರ್. ದಾರಿಯುದ್ದಕ್ಕೂ ರಬ್ಬರ್ ತೋಟ, ತೆಂಗು, ಹಸಿರು. ಅಲ್ಲಿ ಕೆಲನಿ ಎಂಬ ಹೊಳೆ ಇದೆ. ಅದರಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ಪ್ರವಾಸಿಗರನ್ನು ಐದು ಕಿಲೋಮೀಟರ್ ಕೆಳಗೆ ಇಳಿಸುತ್ತಾರೆ. ಬಂಡೆಗಳ ನಡುವೆ ನೀರು ಸುರಿಯುವ ಐದು ಇಳಿಜಾರು ಬರುತ್ತವೆ. ಹಿಂದಿನ ದಿನ ಮಳೆಯಾಗಿತ್ತು, ನೀರು ಕೆಂಪಗಿತ್ತು. ಹೊಳೆಯ ಅಗಲ ನಮ್ಮ ತುಂಗಭದ್ರೆಯ ಕಾಲು ಭಾಗವೂ ಇರಲಿಲ್ಲ. ನಾನು ದಡದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ, ಇದಕ್ಕ ಹೊಳಿ ಅಂತಾರೇನ್ರಿ, ನಮ್ಮೂರಾಗ ಇದಕ್ಕ ಹಳ್ಳ ಅಂತೀವಿ ಎಂದೆ. ಜನ ನಕ್ಕರು.

ಹುಲುಗಣ್ಣ ಅವರು ದೋಣಿ ಹತ್ತಲಿಲ್ಲ. ನಮ್ಮವ್ವ ನನ್ನೊಬ್ಬಾನ್ನ ಹಡದಾಳ್ರಪ, ಇನ್ನೊಂದು ಜೋಡಿ ಇಲ್ಲ, ನಾ ಮ್ಯಾಲೆ ನಿಂತು ನಿಮ್ಮ ಫೋಟೋ ಹಿಡೀತೀನಿ ಎಂದು ಕ್ಯಾಮೆರಾ ತೆಗೆದುಕೊಂಡು ಜೀಪಿನಲ್ಲಿ ಮೂರನೇ ಇಳಿಜಾರಿನ ಬಂಡೆಗೆ ಹೋದರು. ನಾನು ಅವರಿಗೆ, ಹೊಳಿ ದಂಡಿಮ್ಯಾಲಿನ ಗೌಡ್ರು ಎಂದು ಹೆಸರಿಟ್ಟೆ.

ನಮ್ಮ ದೋಣಿಯಲ್ಲಿ ನಾವು ನಾಲ್ವರು ಮತ್ತು ಹಿಂದೆ ಕೂತು ದೋಣಿ ನಡೆಸುವ ಗೈಡ್, ಒಟ್ಟು ಐವರು. ಗೈಡ್ ಸುಮಾರು 28 ವರ್ಷದ ಯುವಕ, ಇಂಗ್ಲಿಷ್ ಮಾತಾಡುತ್ತಿದ್ದ. ಎಲ್ಲರಿಗೂ ಲೈಫ್ ಜಾಕೆಟ್ ಮತ್ತು ಹೆಲ್ಮೆಟ್ ಕೊಟ್ಟು, ಬಿಗಿ ಮಾಡಿ, ಕೈಗೊಂದು ಹುಟ್ಟು ಕೊಟ್ಟ. ಆಮೇಲೆ ಹದಿನೈದು ನಿಮಿಷ ಪಾಠ ಹೇಳಿದ. ನಮ್ಮ ಪೈಕಿ ಅದು ಪೂರ್ತಿ ತಿಳಿದದ್ದು ಮೇಘಾಳಿಗೆ ಒಬ್ಬಳಿಗೇ. ಅವಳು ನಮಗೆ ಕನ್ನಡದಲ್ಲಿ ಹೇಳಿದಳು. ಮಾವ, ನಡುವ ಕುಂದ್ರಬಾರದಂತ, ಎಲ್ಲಾರೂ ಅಂಚಿನಮ್ಯಾಲೆ ಕುಂತು ಹುಟ್ಟು ಹಾಕಬೇಕಂತ, ಹುಟ್ಟು ಹಾಕಿದ್ರನೇ ದೋಣಿ ನೆಟ್ಟಗ ಹೋಗೋದಂತ ಎಂದಳು. ಎರಡನೆಯದಾಗಿ, ನೀರಿಗೆ ಬಿದ್ದರೆ ಅಂಗಾತ ಮಲಗಿ ಎರಡೂ ಕಾಲನ್ನು ನೀರಿನ ಮೇಲೆ ಮುಂದಕ್ಕೆ ಚಾಚಬೇಕು, ಯಾವ ಕಾರಣಕ್ಕೂ ನಿಲ್ಲಬಾರದು, ತಳದಲ್ಲಿ ಬಂಡೆಯ ಸಂದಿ ಇದ್ದು ಕಾಲು ಸಿಕ್ಕಿಕೊಳ್ಳುತ್ತದೆ ಎಂದು ಹೇಳಿದಳು. ಇದನ್ನು ಅವಳು ಎರಡು ಸಲ ಹೇಳಿದಳು.

ನಾನು ಅದಕ್ಕೆ, ಮಲಗಾಕ ಹೊಳಿ ಏನು ನಿಮ್ಮ ಕೊಟ್ಟೂರಿನ ಹಾಸಿಗೀನಾ, ಹರಿಗೋಲಿನಾಗ ಹುಟ್ಟಿದೋನಿಗಿ ನೀರು ಕಲಸ್ತಿಯಲ್ಲವ್ವಾ ಎಂದೆ. ಗಾದೆಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಮಗನೂ ನಕ್ಕ. ಮೇಘಾ, ನಾನಲ್ಲ ಮಾವ, ಅವರು ಹೇಳಿದ್ದು ಎಂದಳು.

10.10ಕ್ಕೆ ದೋಣಿ ನೀರಿಗೆ ಇಳಿಯಿತು. ಮುಂದೆ ಎಡಕ್ಕೆ ಮೇಘಾ, ಬಲಕ್ಕೆ ಪಾಲಾಕ್ಷ, ಅವರ ಹಿಂದೆ ಎಡಕ್ಕೆ ನಾನು, ಬಲಕ್ಕೆ ಗಾದೆಮ್ಮ ಅಂಚಿನ ಮೇಲೆ ಕೂತಿದ್ದೆವು. ಮೊದಲ ಎರಡು ಇಳಿಜಾರುಗಳನ್ನು ಗೈಡ್ ಹೇಳಿದ ಹಾಗೆ ಹುಟ್ಟು ಹಾಕಿ ದಾಟಿದೆವು. ಏನೂ ಆಗಲಿಲ್ಲ. ಮೇಘಾ ಪೂರ್ತಿ ನೆನೆದು, ರೀ, ಇನ್ನೂ ಮೂರು ಅದಾವಂತ್ರಿ ಎಂದು ಗಂಡನಿಗೆ ಕೂಗಿ ಹೇಳಿದಳು. ಅವಳು ಅಷ್ಟು ಜೋರಾಗಿ ಮಾತಾಡುವುದನ್ನು ನಾನು ಅದೇ ಮೊದಲು ಕೇಳಿದ್ದು. ಗೈಡ್ ಅವಳನ್ನು ಹೊಗಳಿದ, ಅವಳು ಹುಟ್ಟು ಹಾಕುವುದನ್ನು ನೋಡಿ ನಾವೂ ಹಾಕಬೇಕೆಂದು ನನಗೆ ಕೈಮಾಡಿ ತೋರಿಸಿದ. ಅದು ನನಗೆ ಸರಿಕಾಣಲಿಲ್ಲ. ಇದನ್ನು ಬರೆಯಬೇಕೆಂದು ನಾನೇ ಹೇಳುತ್ತಿದ್ದೇನೆ.

10.48ಕ್ಕೆ ಮೂರನೇ ಇಳಿಜಾರು ಬಂತು. ಮೊದಲಿನ ಎರಡಕ್ಕಿಂತ ದೊಡ್ಡದು, ಸಪ್ಪಳ ಬಹಳ. ದೋಣಿ ಒಮ್ಮೆ ಮೇಲೆದ್ದು ಬಿದ್ದಿತು. ಗಾದೆಮ್ಮ ಹುಟ್ಟು ಬಿಟ್ಟು, ಅಯ್ಯೋ ಉಚ್ಚಂಗೆಮ್ಮಾ ಎಂದು ದೇವಿಯನ್ನು ಕರೆದು ಕಿರುಚಿದಳು. ಆಗ ನಾನು, ಎಲ್ಲಾರೂ ನಡಕ ಬರ್ರಿ, ಅಂಚು ಬಿಡ್ರಿ, ಒಬ್ಬರನ್ನೊಬ್ಬರು ಹಿಡಕಳ್ರಿ ಎಂದು ಕೂಗಿದೆ. ಇದು ನಾನು ಕೂಗಿದ ಮೊದಲನೇ ಮಾತು. ನಾನು ಮತ್ತು ಗಾದೆಮ್ಮ ಅಂಚು ಬಿಟ್ಟು ದೋಣಿಯ ತಳಕ್ಕೆ ಕೂತೆವು. ಪಾಲಾಕ್ಷನೂ ಬಂದ. ಹಲವಾಗಲಿಗೆ ಹೋದಾಗಲೆಲ್ಲ ಅವನು ಹರಿಗೋಲಿನಲ್ಲಿ ಕೂತಿದ್ದಾನೆ, ಅವನಿಗೂ ಅದೇ ರೂಢಿ. ಮೇಘಾ ಬರಲಿಲ್ಲ. ಅಂಚಿನ ಮೇಲೆಯೇ ಕೂತು ಹುಟ್ಟು ಹಾಕುತ್ತಾ, ಮಾವ, ಬ್ಯಾಡ್ರಿ, ಹುಟ್ಟು ಹಾಕ್ರಿ, ದೋಣಿ ಅಡ್ಡ ತಿರಗತೈತಿ ಎಂದಳು. ಗೈಡ್ ಕೂಡ ಹಿಂದಿನಿಂದ ಕೂಗುತ್ತಿದ್ದ. ನಾನು ಮಗನಿಗೆ, ಆಕೀನ್ನ ಎಳಕಳಲೇ ಒಳಗ, ಎಲ್ಲಾರನ್ನೂ ಮುಳುಗುಸ್ತಾಳ ಎಂದು ಹೇಳಿದೆ. ಮಗ ಅವಳ ಬಲಗೈ ರಟ್ಟೆ ಹಿಡಿದು ಒಳಕ್ಕೆ ಎಳೆದ. ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಅವಳ ಹುಟ್ಟು ನೀರಿಗೆ ಬಿತ್ತು.

ಹುಟ್ಟು ಹಾಕುವವರು ಯಾರೂ ಉಳಿಯದೆ ದೋಣಿ ಅಡ್ಡ ತಿರುಗಿ ಬಂಡೆಗೆ ಬಡಿಯಿತು. ಬಲಬದಿ ಮೇಲೆದ್ದು ಎಲ್ಲರೂ ನೀರಿಗೆ ಬಿದ್ದೆವು. ಆಗ ಸಮಯ 10.50. ನನಗೂ ಗಾದೆಮ್ಮನಿಗೂ ದೋಣಿಯ ಹಗ್ಗ ಕೈಗೆ ಸಿಕ್ಕಿತು. ಗೈಡ್ ನನ್ನ ಹೆಂಡತಿಯ ಜಾಕೆಟ್ ಹಿಡಿದಿದ್ದ. ಪಾಲಾಕ್ಷ ಮಗುಚಿದ ದೋಣಿಯ ಅಡಿಯಲ್ಲಿ ಹೋಗಿ ಆಚೆ ಬದಿಗೆ ಎದ್ದ. ಆ ಬದಿಯಿಂದ ಅವನಿಗೆ ಏನೂ ಕಾಣುವಂತಿರಲಿಲ್ಲ.

ಮೇಘಾ ನನ್ನಿಂದ ಸುಮಾರು ಇಪ್ಪತ್ತು ಅಡಿ ಕೆಳಗೆ ಎದ್ದಳು. ಅವಳಿಗೆ ಪೆಟ್ಟಾಗಿರಲಿಲ್ಲ. ಅವಳು ಅಂಗಾತ ಮಲಗಿ ಎರಡೂ ಕಾಲನ್ನು ಮುಂದಕ್ಕೆ ಚಾಚಿದ್ದಳು. ಬಿಳಿ ಬೂಟಿನ ತುದಿಗಳು ನೀರಿನ ಮೇಲೆ ಕಾಣುತ್ತಿದ್ದವು. ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಕಾಲು ಮೇಲಾದದ್ದನ್ನು ನೋಡಿ ಅವಳು ಕೊಚ್ಚಿಕೊಂಡು ಹೋಗುತ್ತಿದ್ದಾಳೆ ಎಂದು ನನಗೆ ಅನಿಸಿತು. ನಾನು, ಕಾಲೂರು ಮೇಘಾ, ಕಾಲೂರು, ತಳ ಸಿಗತೈತಿ ಎಂದು ಕೂಗಿದೆ. ಇದು ಎರಡನೇ ಮಾತು. ಮೂರು ಸಲ ಕೂಗಿದೆ. ಮೊದಲ ಎರಡು ಸಲ ಅವಳು ತಲೆ ಅಲ್ಲಾಡಿಸಿದಳು. ಮೂರನೇ ಸಲ ನಾನು, ಹೇಳಿದ್ದು ಕೇಳ್ತೀಯೋ ಇಲ್ಲೋ ಎಂದು ಸೇರಿಸಿ ಕೂಗಿದೆ. ಅವಳು ನನ್ನ ಕಡೆ ನೋಡಿದಳು. ಆಮೇಲೆ ಮಗ್ಗುಲಾಗಿ, ಕಾಲು ಇಳಿಸಿ, ನಿಂತಳು.

ನೀರು ಅವಳ ಎದೆಮಟ್ಟ ಇತ್ತು. ಮೂರು ನಾಲ್ಕು ಸೆಕೆಂಡು ಅವಳು ನೆಟ್ಟಗೆ ನಿಂತಿದ್ದಳು. ನಿಂತಳು, ಬದುಕಿದಳು ಎಂದುಕೊಂಡೆ. ಪಕ್ಕದಲ್ಲಿದ್ದ ಗಾದೆಮ್ಮನಿಗೆ, ನೋಡು, ನಿಂತ್ಲು ಎಂದೂ ಹೇಳಿದೆ. ನಂತರ ಹಿಂದಿನಿಂದ ಬಂದ ನೀರು ಅವಳನ್ನು ಮುಂದಕ್ಕೆ ಬಗ್ಗಿಸಿತು. ಮತ್ತೆ ಏಳಲಿಲ್ಲ. ಬಗ್ಗಿದ ಜಾಗದಲ್ಲಿಯೇ ನೀರು ಅವಳ ಬೆನ್ನ ಮೇಲೆ ಹರಿಯುತ್ತಿತ್ತು. ಕೆಂಪು ಜಾಕೆಟ್ ಕಾಣುತ್ತಿತ್ತು. ಒಂದು ಕೈ ಎರಡು ಸಲ ಮೇಲೆ ಬಂತು.

ಗೈಡ್ ಗಾದೆಮ್ಮನನ್ನು ನನ್ನ ಕೈಗೆ ಕೊಟ್ಟು ಅಲ್ಲಿಗೆ ಈಜಿದ. ಬೇರೆ ಎರಡು ದೋಣಿಯವರು ಹಗ್ಗ ತಂದರು. ನೀರಿನ ರಭಸಕ್ಕೆ ಹತ್ತಿರ ಹೋಗಲಾಗದೆ ಮೇಲಿನಿಂದ ಹಗ್ಗ ಕಟ್ಟಿ ಇಳಿದರು. ಅವಳನ್ನು ಬಿಡಿಸಿ ದಡಕ್ಕೆ ತಂದಾಗ 11.28. ಒಟ್ಟು 38 ನಿಮಿಷವಾಗಿತ್ತು. ಅವಳ ಎಡಗಾಲು ಎರಡು ಬಂಡೆಗಳ ಸಂದಿಯಲ್ಲಿ ಪಾದದ ಕೀಲಿನ ತನಕ ಸಿಕ್ಕಿತ್ತು. ಎಡಗಾಲಿನ ಬೂಟು ಅಲ್ಲೇ ಉಳಿಯಿತು. ಪಾಲಾಕ್ಷ ಅವಳ ಬಾಯಿಗೆ ಬಾಯಿ ಇಟ್ಟು ಊದಿದ. ದಡದ ಜನ ಅವನನ್ನು ಬಿಡಿಸುವ ತನಕ ಊದುತ್ತಿದ್ದ.

ಆಸ್ಪತ್ರೆಯ ವರಾಂಡದಲ್ಲಿ ಮಧ್ಯಾಹ್ನ ಸುಮಾರು 1.30ಕ್ಕೆ, ನಾನು ಮತ್ತು ಗಾದೆಮ್ಮ ಇಬ್ಬರೇ ಇದ್ದಾಗ ಅವಳು ನನಗೆ, ಕಾಲೂರು ಅಂದಿದ್ದು ಯಾರಿಗೂ ಹೇಳಬ್ಯಾಡ್ರಿ, ನೀರಿನ ಸಪ್ಪಳದಾಗ ನನಗ ಬಿಟ್ರ ಯಾರಿಗೂ ಕೇಳಿಲ್ಲ, ಕೇಳಿದ ಗೈಡಿಗಿ ಕನ್ನಡ ಬರಾಂಗಿಲ್ಲ ಎಂದು ಹೇಳಿದಳು. ಸಂಜೆ 4 ಗಂಟೆಗೆ ಅಲ್ಲಿನ ಪೊಲೀಸರು ಕಂಪನಿಯವರ ಮೂಲಕ ವಿಚಾರಿಸಿದಾಗ, ದೋಣಿ ತಾನಾಗಿಯೇ ಮಗುಚಿತು, ಬೇರೆ ಏನೂ ಗೊತ್ತಿಲ್ಲ ಎಂದು ಬರೆಸಿದೆ. ಆ ಹೇಳಿಕೆ ಸುಳ್ಳು. ಗೈಡ್ ನಮ್ಮ ಮೇಲೆ ಏನೂ ಹೇಳಲಿಲ್ಲ. ತನ್ನ ಮಾತು ನಮಗೆ ತಿಳಿಯುವಂತೆ ತಾನೇ ಹೇಳಬೇಕಿತ್ತು ಎಂದು ಬರೆಸಿದನಂತೆ. ಅಲ್ಲಿನ ವಿಚಾರಣೆಯಲ್ಲಿ ಇದು ಆಕಸ್ಮಿಕ ಎಂದು ತೀರ್ಮಾನವಾಯಿತು.

ದಿನಾಂಕ 18-9-2003ರ ಗುರುವಾರ ಬೆಳಿಗ್ಗೆ 7 ಗಂಟೆಗೆ ಶವ ಹರಪನಹಳ್ಳಿಗೆ ಬಂತು. ಅದೇ ದಿನ ಸಂಜೆ ಮಣ್ಣು ಮಾಡಿದೆವು. ಕೊಟ್ರಮ್ಮನವರು ಮಗಳ ಪಾದ ಮುಟ್ಟಿದಾಗ ಎಡಗಾಲು ಬಾತಿದ್ದನ್ನು ನೋಡಿ, ಇದೇನ್ರಿ ಬೀಗರ, ಕಾಲಿಗೇನಾತು ನನ ಮಗಳಿಗಿ ಎಂದು ನನ್ನನ್ನೇ ಕೇಳಿದರು. ಬಂಡೆಗೆ ತಾಗಿರಬೇಕು ಎಂದು ಹೇಳಿದೆ.

ಅಂದಿನಿಂದ ಪಾಲಾಕ್ಷ ಅಂಗಡಿಗೆ ಬರುತ್ತಾನೆ, ಕೂರುತ್ತಾನೆ, ಕೇಳಿದ ಬೀಜದ ಚೀಲ ತೆಗೆದು ಕೊಡುತ್ತಾನೆ. ದಿನಾಂಕ 26-9-2003ರ ಶುಕ್ರವಾರ ಬೆಳಿಗ್ಗೆ 8.30ಕ್ಕೆ ಅಂಗಡಿಯ ಬಾಗಿಲು ತೆಗೆಯುವಾಗ ಅವನು ನನಗೆ, ಅಪ್ಪಾ, ನಾ ಎಳೀದಿದ್ರ ಆಕಿ ಉಳಿತಿದ್ಲೇನು ಎಂದು ಕೇಳಿದ. ಆಗ ನಾನು ಹೇಳಬಹುದಿತ್ತು. ಎಳೆದ ಮೇಲೂ ಅವಳು ಉಳಿದಿದ್ದಳು, ನೀರಿನಲ್ಲಿ ಸರಿಯಾಗಿ ಮಲಗಿದ್ದಳು, ನಿಲ್ಲಿಸಿದವನು ನಾನು ಎಂದು ಹೇಳಬಹುದಿತ್ತು. ನಾನು, ಆಗಿದ್ದು ಆತು, ದೇವರು ಮಾಡಿದ್ದಕ್ಕ ಯಾರೇನು ಮಾಡಾಕಾಗತೈತಿ, ಶಟರ್ ಎತ್ತು ಎಂದೆ. ಅವನು ಶಟರ್ ಎತ್ತಿದ. ಅದಾದ ಮೇಲೆ ಅವನು ನನ್ನನ್ನು ಏನೂ ಕೇಳಿಲ್ಲ. ಅವಳ ಸಾವಿಗೆ ತನ್ನ ಕೈ ಕಾರಣ ಎಂದು ಅವನು 26 ದಿನದಿಂದ ತಿಳಿದುಕೊಂಡಿದ್ದಾನೆ. ಹಾಗೆ ತಿಳಿದುಕೊಳ್ಳಲು ನಾನು ಬಿಟ್ಟಿದ್ದೇನೆ.

ಬೀಗರು ಇಲ್ಲಿ ಕೊಟ್ಟ ದೂರಿನ ಜೊತೆ ಇರುವ ಫೋಟೋ ಬಗ್ಗೆ ಹೇಳುವುದಾದರೆ, ಅದನ್ನು ತೆಗೆದವರು ಹುಲುಗಣ್ಣ. ಅವರು ನಿಂತಿದ್ದ ಬಂಡೆಗೂ ನಮ್ಮ ದೋಣಿಗೂ ಸುಮಾರು 70 ಅಡಿ ದೂರ. ಅವರ ರೋಲಿನಲ್ಲಿ ಇನ್ನೂ ಆರು ಫೋಟೋ ಉಳಿದಿದ್ದವು. ಆಯುಧಪೂಜೆಯ ದಿನ ಟ್ರ್ಯಾಕ್ಟರಿನ ಫೋಟೋ ತೆಗೆದು ರೋಲ್ ಮುಗಿಸಿ ಸ್ಟುಡಿಯೋಕ್ಕೆ ಕೊಟ್ಟರು. 7-10-2003ರಂದು ಪ್ರಿಂಟ್ ಬಂದಾಗ, ಮಗಳ ಕಡೀ ಫೋಟೋ ತಾಯಿ ತಂದಿ ಕೈಯಾಗ ಇರಲಿ ಎಂದು ಅವರೇ ಕೊಟ್ಟೂರಿಗೆ ಹೋಗಿ ಕೊಟ್ಟು ಬಂದಿದ್ದಾರೆ. ಅವರಿಗೆ ಬೇರೆ ಉದ್ದೇಶ ಇರಲಿಲ್ಲ.

ಫೋಟೋದಲ್ಲಿ ಪಾಲಾಕ್ಷ ಮೇಘಾಳ ರಟ್ಟೆ ಹಿಡಿದಿದ್ದಾನೆ, ಅವಳು ಕೊಸರಿಕೊಳ್ಳುತ್ತಿದ್ದಾಳೆ. ಇದನ್ನು ನೋಡಿ ಗುರುಬಸವರಾಜ ಅವರು 8-10-2003ರಂದು ಈ ಠಾಣೆಯಲ್ಲಿ, ಮಕ್ಕಳಾಗಲಿಲ್ಲವೆಂದು ನಮ್ಮ ಮಗಳನ್ನು ಪರದೇಶಕ್ಕೆ ಕರೆದುಕೊಂಡು ಹೋಗಿ, ಕಾಲು ಮುರಿದು ನೀರಿಗೆ ತಳ್ಳಿದ್ದಾರೆ ಎಂದು ದೂರು ಕೊಟ್ಟಿದ್ದಾರೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಬರೆಸುತ್ತಿದ್ದೆ. ಅಲ್ಲಿನ ಆಸ್ಪತ್ರೆಯ ವರದಿಯಲ್ಲಿ ಎಡಗಾಲಿನ ಕೀಲು ಮುರಿದಿದೆ ಎಂದು ಇರುವುದು ನಿಜ. ಅದು ಮುರಿದದ್ದು ನಾನು ಹೇಳಿದ ಜಾಗದಲ್ಲಿ ಅವಳು ನಿಂತದ್ದರಿಂದ. ಫೋಟೋದಲ್ಲಿ ಮಗನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿರುವವನು ನಾನು. ನನ್ನ ಬಾಯಿ ತೆರೆದಿದೆ. ಅವನಿಗೆ ಎಳಕೊಳ್ಳಲು ಹೇಳುತ್ತಿದ್ದೇನೆ. ಎರಡನೇ ಮಾತಿನ ಫೋಟೋ ಇಲ್ಲ. ದೋಣಿ ಮಗುಚಿದ ಕೂಡಲೇ ಹುಲುಗಣ್ಣ ಕ್ಯಾಮೆರಾ ಬಿಟ್ಟು ಓಡಿ ಬಂದಿದ್ದರು.

ನಿನ್ನೆ ಮಂಜಣ್ಣ ಹೋದ ಮೇಲೆ ಗಾದೆಮ್ಮ ನನಗೆ, ಹೆಂಗೂ ಪರದೇಶದ ಕೇಸು, ನಿಲ್ಲಾಂಗಿಲ್ಲ, ನೀವು ಸುಮ್ಮನಿರ್ರಿ, ಈ ವಯಸ್ಸಿನಾಗ ನೀವು ಒಳಗ ಹೋದ್ರ ನಾವು ಊರಾಗ ತಲಿ ಎತ್ತಾಂಗಿಲ್ಲ ಎಂದಳು. ಮಗ ಒಳಗ ಹೋದ್ರ ಎಂದು ನಾನು ಕೇಳಿದ್ದಕ್ಕೆ, ಅವನು ಹುಡುಗ, ಬರ್ತಾನ ಎಂದಳು. ಆಮೇಲೆ ಅಡುಗೆ ಮನೆಗೆ ಹೋಗಿ ಒಲೆ ಹಚ್ಚದೆ ಕೂತಳು. ಇಂದು ಬೆಳಿಗ್ಗೆ ನಾನು ಅಂಗಡಿಗೆ ಎಂದು ಹೇಳಿ ಮನೆಯಿಂದ ಹೊರಟೆ.

ನನ್ನ ಮಗ ಮೇಘಾಳನ್ನು ನೀರಿಗೆ ತಳ್ಳಿಲ್ಲ. ನಾನು ಹೇಳಿದ್ದರಿಂದ ಒಳಕ್ಕೆ ಎಳೆದ. ನಾನು ಹೇಳಿದ್ದರಿಂದ ದೋಣಿ ಮಗುಚಿತು. ನಾನು ಹೇಳಿದ್ದರಿಂದ ಅವಳು ಕಾಲೂರಿದಳು. ಅವಳನ್ನು ಉಳಿಸಲು ಕೂಗಿದೆ ಎಂದು ನಾನು ಹೇಳಬಹುದು, ಅದೂ ನಿಜವೇ. ಆದರೆ ಏನು ಮಾಡಬೇಕೆಂದು ಆ ದೋಣಿಯಲ್ಲಿ ತಿಳಿದಿದ್ದವಳು ಅವಳು ಒಬ್ಬಳೇ, ಮತ್ತು ಅದನ್ನು ನಮಗೆ ಎರಡು ಸಲ ಹೇಳಿದ್ದಳು. ಇದಕ್ಕೆ ಕಾನೂನಿನಲ್ಲಿ ಏನು ಹೆಸರು ಎಂದು ನನಗೆ ತಿಳಿಯದು.

ಬರೆದುಕೊಂಡ ಪೇದೆಯವರು ಇದನ್ನು ನನಗೆ ಮೊದಲಿಂದ ಕೊನೆಯ ತನಕ ಓದಿ ಹೇಳಿದರು. ನಿಂತಳು, ಬದುಕಿದಳು ಎಂದುಕೊಂಡೆ ಎಂಬ ಸಾಲು ವಿಚಾರಣೆಗೆ ಬೇಕಾಗಿಲ್ಲ, ತೆಗೆಯಲೇ ಎಂದು ಕೇಳಿದರು. ಇರಲಿ ಎಂದೆ. ನಾನು ಕಂಡದ್ದು, ಕೂಗಿದ್ದು, ಮುಚ್ಚಿಟ್ಟಿದ್ದು ಇಷ್ಟೇ. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ನಾನು ಹೇಳಿದಂತೆಯೇ ಬರೆದಿದ್ದಾರೆ. ಈ ಹೇಳಿಕೆಯನ್ನು ಠಾಣೆಯಲ್ಲಿರುವ ಮಗನಿಗೆ ಓದಿ ಹೇಳಲು ನಾನು ಕೇಳಿಕೊಂಡಿದ್ದೇನೆ. ಅದು ಇಂದು ಸಂಜೆ 4 ಗಂಟೆಗೆ ಆಗುತ್ತದೆ ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ತಿಳಿಸಿದ್ದಾರೆ. ಅಲ್ಲಿಯ ತನಕ ನಾನು ಠಾಣೆಯ ಹೊರಗಿನ ಬೆಂಚಿನ ಮೇಲೆ ಇರಬೇಕು. ನನ್ನ ಹೆಂಡತಿ ಗಾದೆಮ್ಮನ ಹೇಳಿಕೆಯನ್ನು ನಾಳೆ ದಿನಾಂಕ 11-10-2003ರ ಶನಿವಾರ ಬೆಳಿಗ್ಗೆ 10.30ಕ್ಕೆ, ನಾನು ಎದುರಿಗಿಲ್ಲದಂತೆ, ನಮ್ಮ ಮನೆಯಲ್ಲಿ ಪಡೆಯಲಾಗುವುದು.

ಸ್ಥಳ: ಹರಪನಹಳ್ಳಿ
ದಿನಾಂಕ: 10-10-2003, ಮಧ್ಯಾಹ್ನ 12.50

(ಸಹಿ) ಉಚ್ಚಂಗೆಪ್ಪ